ಪರಾಕು ನಂಜಪ್ಪನವರ ದೇವರು

ಇಡೀ ಮೈಸೂರಿನಲ್ಲಿ ಅತಿ ದೊಡ್ಡ ಗಂಟಲು ಯಾರದೆಂದು ಆ ಕಾಲದಲ್ಲಿ ಯಾರನ್ನು ಕೇಳಿದ್ದರೂ ಪರಾಕು ನಂಜಪ್ಪನವರ ಹೆಸರು ಹೇಳುತ್ತಿದ್ದರು. ಆ ನಂಜಪ್ಪನವರು ನಜರ್‌ಬಾದಿನಲ್ಲಿ ನಮ್ಮ ಪಕ್ಕದ ಮನೆಯವರು. ಆದರೆ ಬೀದಿಯವರಾದ ನಮಗೆ ಆ ಧ್ವನಿ ಕೇಳಲು ಸಿಗುತ್ತಿದ್ದುದು ದಸರೆಯಲ್ಲೋ ಮಹಾರಾಜರ ಹುಟ್ಟುಹಬ್ಬದ ವರ್ಧಂತಿಯಲ್ಲೋ, ಊರವರೆಲ್ಲರ ಜೊತೆಯಲ್ಲಿಯೇ. ಮಿಕ್ಕ ದಿನಗಳಲ್ಲಿ ಅವರು ಪಿಸುಗುಟ್ಟುತ್ತಿದ್ದರು. ತರಕಾರಿಯವಳೊಡನೆ ಚೌಕಾಸಿಯನ್ನೂ ಪಿಸುಗುಟ್ಟಿಯೇ ಮಾಡುತ್ತಿದ್ದರು. ಏನೋ ಗುಟ್ಟಿನ ವಿಷಯವಿರಬೇಕೆಂದು ಅವಳು ಬುಟ್ಟಿ ಇಳಿಸಿ ಕಿವಿ ಕೊಟ್ಟರೆ, "ಬದನೇಕಾಯಿ ಬಲ್ತೋಗದೆ" ಎನ್ನುತ್ತಿದ್ದರು.

ದರ್ಬಾರಿನಲ್ಲಿ, ಸವಾರಿಯಲ್ಲಿ, ಮಹಾರಾಜರಾದ ಮಹಾಸ್ವಾಮಿಯವರ ಮುಂದೆ ನಿಂತು ಬಿರುದುಗಳನ್ನು ಹೇಳಿ "ಬಹುಪರಾಕ್" ಎಂದು ಕೂಗುವುದು ಅವರ ಚಾಕರಿ. ಅವರ ತಂದೆಯೂ ಅದನ್ನೇ ಕೂಗಿದವರು. ಬೇಸಿಗೆಯಲ್ಲೂ ಕೊರಳಿಗೆ ಉಣ್ಣೆಯ ವಸ್ತ್ರ ಸುತ್ತಿರುತ್ತಿತ್ತು. ದವಡೆಯಲ್ಲಿ ಕಲ್ಲುಸಕ್ಕರೆಯೋ ಅತಿಮಧುರದ ಬೇರೋ ಇರುತ್ತಿತ್ತು. ಮೊಸರು ಮುಟ್ಟುತ್ತಿರಲಿಲ್ಲ. ಹುಣಿಸೆಹಣ್ಣು ಮಾರುವವರು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಗು ಬಂದರೆ ಬಾಯಿ ಮುಚ್ಚಿ ಹೊಟ್ಟೆಯಲ್ಲೇ ನಗುತ್ತಿದ್ದರು. ಯಾಕೆ ಇಷ್ಟೆಲ್ಲ ಎಂದು ನಾನೊಮ್ಮೆ ಕೇಳಿದಾಗ, "ಈ ಗಂಟ್ಲು ನಂದಲ್ಲ ಕಣಪ್ಪ, ಅರಮನೇದು. ನಾನು ಊಟಕ್ಕೆ ಮಾತ್ರ ಬಳಸ್ಕೊತೀನಿ" ಎಂದಿದ್ದರು.

ಇಂಥವರಿಗೆ ದೈವ ಕೊಟ್ಟ ಹೆಂಡತಿ ಪುಟ್ಟಮ್ಮನವರಿಗೆ ಕಿವಿ ಮಂದ. ಗಂಡ ಪಿಸುಗುಟ್ಟುವುದು, ಹೆಂಡತಿ "ಆಂ?" ಎನ್ನುವುದು, ಕೊನೆಗೆ ಇಬ್ಬರೂ ಕೈಸನ್ನೆಗೆ ಇಳಿಯುವುದು, ಇದು ಆ ಮನೆಯ ಸಂಸಾರ. ಜಗಳವೂ ಕೈಯಲ್ಲೇ ನಡೆಯುತ್ತಿತ್ತು. ಕೈಯಲ್ಲಿ ಎಂದರೆ ಹೊಡೆದಾಟವಲ್ಲ. ನಂಜಪ್ಪನವರು ಬೆರಳು ತಿರುಗಿಸಿ ಏನೋ ಅನ್ನುತ್ತಿದ್ದರು, ಅದಕ್ಕೆ ಪುಟ್ಟಮ್ಮನವರು ಮಾತ್ರ ಬಾಯಿಬಿಟ್ಟು, ಮೂರು ಮನೆಗೆ ಕೇಳುವ ಹಾಗೆ ಉತ್ತರ ಕೊಡುತ್ತಿದ್ದರು. ಹೀಗಾಗಿ ಅವರ ಜಗಳದಲ್ಲಿ ನಮಗೆ ಒಂದು ಪಕ್ಷದ ವಾದ ಮಾತ್ರ ಗೊತ್ತಾಗುತ್ತಿತ್ತು.

ನಾನು ಅವರ ಜಗಲಿಗೆ ಅಂಟಿಕೊಂಡದ್ದು ಅಮ್ಮ ಹೋದ ಮೇಲೆ. ಆ ವರ್ಷ ಪ್ಲೇಗು ಬಂದು ನಂಜಪ್ಪನವರ ಮನೆಯೊಂದನ್ನು ಬಿಟ್ಟು ಬೀದಿಗೆ ಬೀದಿಯೇ ಖಾಲಿಯಾಗಿ ಊರಾಚೆ ಶೆಡ್ಡುಗಳಿಗೆ ಹೋಗಿತ್ತು. ನಮ್ಮದು ಹಿನಕಲ್ ಕಡೆಯ ಹೊಲದಲ್ಲಿ ಹಾಕಿದ ಶೆಡ್ಡು. ಅಮ್ಮ ಅಲ್ಲಿಂದ ವಾಪಸು ಬರಲಿಲ್ಲ. ನನ್ನ ತಂದೆ ಸಂಸ್ಕೃತ ಪಾಠಶಾಲೆಯ ಉಪಾಧ್ಯಾಯರು. ಶೆಡ್ಡಿನ ತಗಡಿನ ಕೆಳಗೆ ಕೂತು ಜಪ ಮಾಡಿದರು. ಅಜ್ಜಿ ಇರುವ ದೇವರಿಗೆಲ್ಲ ಹರಕೆ ಹೊತ್ತಳು. ನಮ್ಮ ಬೀದಿಯ ಕೊನೆಯ ಮನೆಯ ಇನ್ನಾಸಿ ನನ್ನ ತರಗತಿಯವನು. ಅವನ ತಾಯಿ ಚರ್ಚಿನಲ್ಲಿ ದೇವಮಾತೆಯ ಮುಂದೆ ಮೇಣದಬತ್ತಿ ಹಚ್ಚಿದರು. ನಾನೂ ನನಗೆ ಬಂದಷ್ಟು ಮಂತ್ರವನ್ನೆಲ್ಲ ಹೇಳಿದೆ. ಯಾವುದೂ ನಾಟಲಿಲ್ಲ.

ಹದಿನಾಲ್ಕು ವರ್ಷದ ತಲೆಗೆ ಆಗ ಒಂದು ಪ್ರಶ್ನೆ ಹೊಕ್ಕಿತು. ದೇವರು ಇದ್ದೂ ಕೇಳಲಿಲ್ಲವೇ, ಅಥವಾ ಇಲ್ಲವೇ ಇಲ್ಲವೇ? ಎರಡರಲ್ಲಿ ಒಂದು ಗೊತ್ತಾಗುವವರೆಗೆ ಅವನಿಗೆ ನಮಸ್ಕಾರ ಮಾಡಬಾರದೆಂದು ತೀರ್ಮಾನಿಸಿದೆ. ಸಂಧ್ಯಾವಂದನೆ ನಿಂತಿತು. ಬೆಳಿಗ್ಗೆ ಪಂಚಪಾತ್ರೆಯಲ್ಲಿ ತುಂಬಿಟ್ಟ ನೀರು ಸಂಜೆಯೂ ಹಾಗೆಯೇ ಇರುತ್ತಿತ್ತು. ಅಪ್ಪ ಅದನ್ನು ನೋಡುತ್ತಿದ್ದರು, ತುಳಸಿಗೆ ಸುರಿದು ಬರುತ್ತಿದ್ದರು. ಬೈದಿದ್ದರೆ ವಾದ ಮಾಡಲು ನಾನು ಸಿದ್ಧನಾಗಿದ್ದೆ.

ವಾದಕ್ಕೆ ಸಿಕ್ಕಿದವನು ಇನ್ನಾಸಿ. ಅವನ ಹತ್ತಿರ ಜ್ಞಾನೋಪದೇಶದ ಪುಸ್ತಕವಿತ್ತು. ಅದರಲ್ಲಿ ಪ್ರಶ್ನೆಗಳೂ ಅವಕ್ಕೆ ಉತ್ತರಗಳೂ ಅಚ್ಚಾಗಿದ್ದವು. ನನ್ನ ಪ್ರಶ್ನೆ ಅದರಲ್ಲಿ ಇರಲಿಲ್ಲ. ಹತ್ತಿರದ ಪ್ರಶ್ನೆಯ ಉತ್ತರವನ್ನು ಅವನು ಒಪ್ಪಿಸಿದ: ಸರ್ವೇಶ್ವರನ ಚಿತ್ತ. ಅಪ್ಪನ ಪುಸ್ತಕಗಳಲ್ಲಿ ಅದರ ಹೆಸರು ಕರ್ಮ. ಹೈಸ್ಕೂಲಿನ ವಿಜ್ಞಾನದ ಮೇಷ್ಟರು ಇಲಿ ಮತ್ತು ಚಿಗಟ ಎಂದರು. ಮೂವರೂ ಹೇಳಿದ್ದು ನಿಜವೇ ಇರಬಹುದು; ಆದರೆ ಅಮ್ಮನ ವಿಷಯವಾಗಿ ಯಾರೂ ಏನೂ ಹೇಳಿದಂತೆ ನನಗೆ ಅನ್ನಿಸಲಿಲ್ಲ.

ಒಂದು ಸಂಜೆ ನಾವಿಬ್ಬರೂ ಜಗಲಿಯ ಮೇಲೆ ಕೂತು ದೇವರ ಮುಖದ ಬಗ್ಗೆ ಕಿತ್ತಾಡುತ್ತಿದ್ದೆವು. ಗಡ್ಡ ಇದೆ ಎಂದು ಇನ್ನಾಸಿ, ಇಲ್ಲ ಎಂದು ನಾನು. ದೇವರು ಇಲ್ಲವೇ ಇಲ್ಲವೆಂದು ಶಂಕಿಸಿದ ನಾನು ಅವನ ಗಡ್ಡದ ಬಗ್ಗೆ ಯಾಕೆ ಅಷ್ಟು ಹಟ ಹಿಡಿದೆನೋ ತಿಳಿಯದು. ನಂಜಪ್ಪನವರು ಅತಿಮಧುರ ಅಗಿಯುತ್ತ ಕೇಳುತ್ತಿದ್ದರು.

"ನೀವೇ ಹೇಳಿ ನಂಜಪ್ಪನೋರೆ, ದೇವರ ಮುಖ ಹೇಗಿರುತ್ತೆ?" ಎಂದೆ.

"ನಂಗೆಂಗ್ ಗೊತ್ತಾಗ್ಬೇಕು? ನಾನು ಮಹಾಸ್ವಾಮಿಯೋರ ಮುಖಾನೇ ನೋಡಿಲ್ಲ."

ನಾವು ದಂಗಾದೆವು. ಹುಟ್ಟಿದಾಗಿನಿಂದ ಅರಮನೆಯ ಅನ್ನ ತಿಂದವರು!

"ಸನ್ನಿಧಾನದ ಮುಂದೆ ತಲೆ ಎತ್ತಂಗಿಲ್ಲ ಕಣ್ರಪ್ಪ. ಪಾದ ನೋಡಿದೀನಿ. ಕೆಂಪು ಮಖಮಲ್ ಜೋಡು, ಜರಿ ಕೆಲ್ಸದ್ದು. ಜೋಡು ಬಂತು ಅಂದ್ರೆ ಕೂಗೋದು, ನಿಂತ್ರೆ ನಿಲ್ಲಿಸೋದು. ಮುಖ ನೋಡಿ ಏನ್ ಮಾಡ್ಬೇಕು?"

ಅಂದಿನಿಂದ ಬಹಳ ಕಾಲ ನನ್ನ ಮನಸ್ಸಿನಲ್ಲಿ ದೇವರೆಂದರೆ ಒಂದು ಜೊತೆ ಮಖಮಲ್ ಜೋಡು. ಇನ್ನಾಸಿ ಈ ದರ್ಶನವನ್ನು ತನ್ನ ಪಾದ್ರಿಗಳಿಗೆ ಹೇಳಿ ಮೊಣಕಾಲೂರಿ ನಿಲ್ಲುವ ಶಿಕ್ಷೆ ಪಡೆದ.

ನಂಜಪ್ಪನವರ ಬಾಯಲ್ಲಿ 'ಸ್ವಾಮಿ' ಎಂಬ ಮಾತು ಒಂದೇ ದಿನದಲ್ಲಿ ಮಾಡಿದ ಅನಾಹುತವನ್ನೂ ಹೇಳಬೇಕು. ಒಂದು ಬೆಳಿಗ್ಗೆ ಅವರು ಅವಸರದಲ್ಲಿ ರುಮಾಲು ಸುತ್ತಿಕೊಂಡು ಹೋಗುತ್ತ, "ಮಧ್ಯಾಹ್ನ ಸ್ವಾಮಿ ಸವಾರಿ ಈ ಬೀದೀಲೇ ಬತ್ತದಂತೆ" ಎಂದು ಪಿಸುಗುಟ್ಟಿ ಹೋದರು. ನಮ್ಮಜ್ಜಿಗೆ ಸ್ವಾಮಿ ಎಂದರೆ ದೇವರು; ಯಾವುದೋ ಗುಡಿಯ ಉತ್ಸವಮೂರ್ತಿ ಬರುತ್ತದೆಂದು ಅಂಗಳ ಸಾರಿಸಿ ರಂಗೋಲಿ ಹಾಕಿ ಹಣ್ಣುಕಾಯಿ ಜೋಡಿಸಿದಳು. ಇನ್ನಾಸಿಯ ತಾಯಿಗೆ ಸ್ವಾಮಿಯವರು ಎಂದರೆ ಚರ್ಚಿನ ಪಾದ್ರಿಗಳು. ಅವರು ಮಕ್ಕಳಿಗೆಲ್ಲ ತಲೆಗೆ ಎಣ್ಣೆ ಮೆತ್ತಿ ಸಾಲಾಗಿ ನಿಲ್ಲಿಸಿದರು. ಅಪ್ಪ ಮಾತ್ರ ಮಹಾಸ್ವಾಮಿಯವರೆಂದು ಸರಿಯಾಗಿ ಅರ್ಥಮಾಡಿಕೊಂಡು, ಪೇಟ ಹುಡುಕಿ, ಅದರೊಳಗಿದ್ದ ಜಿರಳೆ ಓಡಿಸಿ ಇಟ್ಟುಕೊಂಡರು.

ಮಧ್ಯಾಹ್ನ ತೆರೆ ಬಿಟ್ಟ ಒಂದು ಸಾರೋಟು ಧೂಳೆಬ್ಬಿಸಿಕೊಂಡು ಬಂದು ಹೋಯಿತು. ಒಳಗೆ ಯಾರಿದ್ದರೋ ಯಾರಿಗೂ ಕಾಣಲಿಲ್ಲ. ಅಜ್ಜಿ ಆರತಿ ಎತ್ತಿದಳು, ಇನ್ನಾಸಿಯ ತಾಯಿ ಶಿಲುಬೆಯ ಗುರುತು ಹಾಕಿಕೊಂಡರು, ಅಪ್ಪ ಸೊಂಟ ಬಗ್ಗಿಸಿ ಮುಜುರೆ ಮಾಡಿದರು. ಮೂವರಿಗೂ ತೃಪ್ತಿಯಾಯಿತು. ಸಂಜೆ ನಂಜಪ್ಪನವರು ಬಂದು, ಸಾರೋಟು ರಿಪೇರಿಯಾಗಿ ಬರಿದಾಗಿ ಲಾಯಕ್ಕೆ ಹೋಯಿತೆಂದೂ, ಸವಾರಿ ಬೇರೆ ದಾರಿ ಹಿಡಿಯಿತೆಂದೂ ಪಿಸುಗುಟ್ಟಿದರು. ಅಜ್ಜಿ ನಂಬಲಿಲ್ಲ. ನನಗೆ ಮಾತ್ರ, ದೇವರು ಇಲ್ಲವೇ ಇಲ್ಲ ಎಂಬ ನನ್ನ ಎರಡನೆಯ ಶಂಕೆಗೆ ಸಾಕ್ಷಿ ಸಿಕ್ಕಂತಾಯಿತು. ತೆರೆಯ ಹಿಂದೆ ಯಾರೂ ಇಲ್ಲ ಎಂದು ಇನ್ನಾಸಿಗೆ ಹೇಳಿದೆ. ಹೇಳುವಾಗ ಗೆದ್ದ ಹಾಗೆ ಅನ್ನಿಸಿತು. ಆಮೇಲೆ ಮನೆಗೆ ಹೋಗಿ ಅಮ್ಮನ ಸೀರೆಯ ಪೆಟ್ಟಿಗೆಯ ಮೇಲೆ ಕೂತು ಅತ್ತೆ.

ಆ ವರ್ಷವೇ ನಮ್ಮ ಕನ್ನಡ ಪಂಡಿತರು ತರಗತಿಯಲ್ಲಿ ಒಂದು ಹಳೆಯ ಪದ್ಯಕ್ಕೆ ಅರ್ಥ ಹೇಳುತ್ತ 'ಪರಾಕು' ಎಂಬ ಮಾತಿನ ಬಳಿ ನಿಂತರು. ಪರಾಕು ಎಂದರೆ ಬೇರೆ ಕಡೆ ತಿರುಗಿರುವುದು, ಗಮನವಿಲ್ಲದಿರುವುದು, ಅಲಕ್ಷ್ಯ ಎಂದರು. ಅದೇ ಮಾತು ಒಡೆಯರ ಮುಂದೆ ಕೂಗಿದಾಗ 'ಗಮನವಿರಲಿ' ಎಂದಾಗುತ್ತದೆ ಎಂದೂ ಹೇಳಿ ನಶ್ಯ ಏರಿಸಿದರು. ನಾನು ಗಂಟೆ ಹೊಡೆಯುವುದನ್ನೇ ಕಾದು ನಜರ್‌ಬಾದಿಗೆ ಓಡಿದೆ.

"ನಂಜಪ್ಪನೋರೆ, ಪರಾಕು ಅಂದ್ರೆ ಅಲಕ್ಷ್ಯ ಅಂತೆ! ನೀವು ಇಷ್ಟು ವರ್ಷ ದರ್ಬಾರಿನಲ್ಲಿ 'ಬಹಳ ಅಲಕ್ಷ್ಯ, ಬಹಳ ಅಲಕ್ಷ್ಯ' ಅಂತ ಕೂಗ್ತಿದೀರ!"

ಅವರು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಕ್ಕರು.

"ಅದೇ ಮತ್ತೆ. ಒಡೆಯ ಅಂದ್ಮೇಲೆ ಎಷ್ಟ್ ಕಡೆ ನೋಡ್ಬೇಕು ಪಾಪ. ಒಂದ್ ಕಡೆ ತಿರುಗಿದ್ರೆ ಇನ್ನೊಂದ್ ಕಡೀಗೆ ಬೆನ್ನು ಆಯ್ತದೆ. ಅದ್ಕೇ ಅಲ್ವಾ ನಮ್ಮನ್ನ ಮಡಗಿರೋದು? ಬುದ್ಧೀ, ಈ ಕಡೆ ಪರಾಕು ಆಗೋಗದೆ, ವಸಿ ತಿರುಗಿ ಅಂತ."

"ದೇವರಿಗೂ?"

"ದೇವ್ರು ಇನ್ನೂ ದೊಡ್ಡ ಒಡೆಯ. ಪರಾಕೂ ಅಂಗೇ ದೊಡ್ಡದಿರ್ತದೆ. ಕೋಪ ಅಲ್ಲ, ದ್ವೇಷ ಅಲ್ಲ. ಬ್ಯಾರೆ ಕಡೆ ನೋಡ್ತಾ ಇರ್ತಾನೆ. ಕೂಗಿದ್ರೆ ತಿರುಗ್ತಾನೆ."

"ನಾವು ಕೂಗಿದೆವಲ್ಲ, ಅಮ್ಮನಿಗೆ. ಎಲ್ಲರೂ."

ನಂಜಪ್ಪನವರು ನನ್ನನ್ನು ನೋಡಿದರು. ಏನೋ ಹೇಳಲು ಹೊರಟವರು ಅದನ್ನು ಅಲ್ಲಿಗೇ ಬಿಟ್ಟರು. ಬೇರನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, "ಮನ್ಸಲ್ಲಿ ಕರ್ದಿರ್ತೀರಿ" ಎಂದಷ್ಟೇ ಅಂದು ಒಳಗೆ ಹೋದರು.

ನನಗೆ ಅಷ್ಟು ಸಾಕಾಯಿತು. ಆವರೆಗೆ ಕೇಳಿದ ಉತ್ತರಗಳಲ್ಲಿ ಬುದ್ಧಿಗೆ ಒಪ್ಪಿದ್ದು ಇದೊಂದೇ. ದೇವರು ಇದ್ದಾನೆ, ಕೆಟ್ಟವನಲ್ಲ, ಸುಮ್ಮನೆ ತಿರುಗಿಕೊಂಡಿದ್ದಾನೆ. ಅಪ್ಪನದು ತುಟಿಯಲ್ಲೇ ಮಾಡುವ ಜಪ, ಅಜ್ಜಿಯದು ಗೊಣಗು. ಇಷ್ಟು ದೂರಕ್ಕೆ ಕೇಳುವುದಾದರೂ ಹೇಗೆ?

ಮರುವರ್ಷ ನವರಾತ್ರಿ ಹತ್ತಿರ ಬಂದಾಗ ಆ ದೊಡ್ಡ ಜ್ವರ ಬಂತು. ಪ್ಲೇಗಿಗಾದರೆ ಓಡಿಹೋಗಲು ಶೆಡ್ಡಿತ್ತು. ಈ ಇನ್‌ಫ್ಲುಯೆಂಜಾಕ್ಕೆ ಅದೂ ಇರಲಿಲ್ಲ, ಮಲಗಿದವರು ಮಲಗಿದಲ್ಲೇ. ನಮ್ಮ ಬೀದಿಯಲ್ಲಿ ಪುಟ್ಟಮ್ಮನವರು ಮಲಗಿದರು. ಅವರ ದೊಡ್ಡ ದನಿ ನಿಂತು ಬೀದಿ ಬಿಕೋ ಎನ್ನತೊಡಗಿತು. ಒಂದು ಮಧ್ಯಾಹ್ನ ವೈದ್ಯ ಪಂಡಿತರು ನಾಡಿ ಹಿಡಿದು ನೋಡಿ, ಚೀಲ ಎತ್ತಿಕೊಂಡು ಹೊರಗೆ ಬಂದು, ಜಗಲಿಯಲ್ಲಿ ನಿಂತಿದ್ದ ಎಲ್ಲರಿಗೂ ಕೇಳುವ ಹಾಗೆ, "ಇನ್ನು ದೇವರೇ ನೋಡಬೇಕು" ಎಂದು ಹೊರಟುಹೋದರು.

ಎಲ್ಲ ವೈದ್ಯರೂ ಆಡುವ ಮಾತು ಅದು. ನಂಜಪ್ಪನವರು ಅದನ್ನು ಅಕ್ಷರಶಃ ತೆಗೆದುಕೊಂಡರು.

"ನೋಡ್ಬೇಕು ಅಂದ್ರೆ ತಿರುಗ್ಬೇಕಲ್ಲ" ಎಂದು ಪಿಸುಗುಟ್ಟಿದರು. ಕೊರಳ ಉಣ್ಣೆಯ ವಸ್ತ್ರ ಬಿಚ್ಚಿದರು. "ದಸರಾ ಇದೆಯಲ್ಲ ನಂಜಪ್ಪನೋರೆ, ಗಂಟಲು..." ಎಂದೆ. ಅವರಿಗೆ ಕೇಳಿಸಲಿಲ್ಲವೋ ಏನೋ. ಬೀದಿಯ ನಡುವೆ ಹೋಗಿ ಬೆಟ್ಟದ ಕಡೆ ಮುಖ ಮಾಡಿ ನಿಂತರು. ತಲೆ ತಗ್ಗಿಸಿದರು. ಅವರಿಗೆ ಬರುತ್ತಿದ್ದುದು ಅರಮನೆಯ ಬಿರುದುಗಳು ಮಾತ್ರ. ಅವನ್ನೇ ದೇವರಿಗೆ ಕೊಟ್ಟರು.

"ರಾಜಾಧಿರಾಜಾ... ಬಹುಪರಾಕ್!"

ಆ ಕೂಗನ್ನು ಹತ್ತಿರದಿಂದ ನಾನು ಅದೇ ಮೊದಲು ಕೇಳಿದ್ದು. ನಮ್ಮ ಮನೆಯ ಹಿತ್ತಾಳೆ ಚೆಂಬುಗಳು ಗುಂಯ್‌ಗುಟ್ಟಿದವು. ಮರದ ಕಾಗೆಗಳೆಲ್ಲ ಎದ್ದವು. ಅಪ್ಪ ಜಪ ಬಿಟ್ಟು ಬಾಗಿಲಿಗೆ ಬಂದು, "ಏನಿದು ಹುಚ್ಚು! ಬೀದಿಯಲ್ಲಿ ನಿಂತು ಅರಚಿದರೆ ದೇವರು ಬರುತ್ತಾನೆಯೇ?" ಎಂದು ಸಿಡುಕಿದರು. ನಂಜಪ್ಪನವರು ಮತ್ತೆ ಕೂಗಿದರು, ಮತ್ತೆ ಕೂಗಿದರು. ಕೊನೆಯ ಕೂಗು ನಡುವೆ ಹರಿದು ಬರೀ ಗಾಳಿ ಬಂತು. ಪುಟ್ಟಮ್ಮನವರೊಬ್ಬರಿಗೆ ಮಾತ್ರ ಏನೂ ಕೇಳಿಸಲಿಲ್ಲ.

ಪುಟ್ಟಮ್ಮನವರು ಬದುಕಿದರು. ಆ ವಾರದಲ್ಲೇ ಜ್ವರ ಇಳಿದು, ಎದ್ದು ಕೂತು, ಮನೆ ಗುಡಿಸದೆ ಬಿಟ್ಟದ್ದಕ್ಕೆ ಗಂಡನನ್ನು ಬೈದರು. ಬೀದಿಯೆಲ್ಲ ಹಿಗ್ಗಿತು. ನನಗೆ ಮೈಯೆಲ್ಲ ಉರಿಯಿತು.

ಅವರ ಮನೆಗೆ ನುಗ್ಗಿದೆ. ನಂಜಪ್ಪನವರು ಒಲೆಯ ಮುಂದೆ ಕೂತು ಹೆಂಡತಿಗೆ ಗಂಜಿ ಕದಡುತ್ತಿದ್ದರು.

"ಅಮ್ಮನಿಗೆ ಯಾಕೆ ಕೂಗಲಿಲ್ಲ?" ಎಂದೆ. "ಪಕ್ಕದ ಮನೆಯವರೇ ಆಗಿದ್ದಿರಿ. ನಿಮ್ಮ ಹೆಂಡತಿಗೆ ಕೂಗೋಕ್ಕೆ ಬರುತ್ತೆ, ನಮ್ಮಮ್ಮನಿಗೆ ಬರಲ್ಲ! ಕೂಗಿದ್ದರೆ ಬದುಕ್ತಿದ್ದಳು!"

ಅವರು ಗಂಜಿ ಕದಡುವುದನ್ನು ನಿಲ್ಲಿಸಲಿಲ್ಲ. ನಾನು ಅಳುತ್ತ ಅದನ್ನೇ ಇನ್ನೊಂದು ಸಲ ಕೇಳಿದೆ.

"ಕೂಗಿದ್ದೆ" ಎಂದರು. ಪಿಸುಮಾತೂ ಅಲ್ಲ, ಬರೀ ಉಸಿರು.

"ಸುಳ್ಳು!"

ನಮ್ಮ ಮಾತು ಕಿವಿಗೆ ಬೀಳದ ಪುಟ್ಟಮ್ಮನವರು ಹಾಸಿಗೆಯಿಂದಲೇ ನನ್ನನ್ನು ಕಂಡು ಶುರುಮಾಡಿದರು: "ನೋಡು ಶೀನಪ್ಪ, ಈ ಮನುಷ್ಯ ಮತ್ತೆ ಗಂಟ್ಲು ಕೆಡಿಸ್ಕೊಂಡು ಕೂತವ್ರೆ! ನೀವೆಲ್ಲ ಶೆಡ್ಡಿಗೆ ಓಗಿದ್ದಾಗ್ಲೂ ಇಂಗೇ ಮಾಡ್ಕೊಂಡಿದ್ರು. ಹಿನಕಲ್ ಕಡೆ ಓಗ್ಬತ್ತೀನಿ ಅಂತ ಓದೋರು, ಬರೋ ಒತ್ಗೆ ಉಸಿರೇ ಇಲ್ಲ. ಏನಾಯ್ತು ಅಂದ್ರೆ ಎಂಜಲು ಸಿಕ್ಕಾಕ್ಕೊಂಡಿತ್ತು ಅಂದ್ಬುಟ್ರು. ಗಂಜಿ ಕುಡ್ಸಿ ಕುಡ್ಸಿ ನಂಗೆ ಸಾಕಾಗೋಯ್ತು ಕಣಪ್ಪ!"

ನಾನು ಅಲ್ಲೇ ಕುಕ್ಕರಿಸಿದೆ.

"ಶೆಡ್ಡಿನ ಅತ್ರ ಬುಡ್ನಿಲ್ಲ" ಎಂದರು ನಂಜಪ್ಪನವರು, ಒಲೆಯನ್ನು ನೋಡುತ್ತ. "ಕೆರೆ ಏರಿ ಮ್ಯಾಲೆ ನಿಂತ್ಕೊಂಡೆ."

"ಇಷ್ಟೇ ಜೋರಾಗಿ?"

"ಅವತ್ತು ಇನ್ನೂ ಜೋರು. ಆಗಿನ್ನೂ ಗಂಟ್ಲು ಚೆನ್ನಾಗಿತ್ತಲ್ಲ."

"ಹಾಗಾದ್ರೆ ದೇವರು ತಿರುಗಲಿಲ್ಲ."

"ತಿರುಗ್ನಿಲ್ಲ" ಎಂದು ಒಪ್ಪಿಕೊಂಡರು.

"ಕೂಗಿದ್ರೆ ತಿರುಗ್ತಾನೆ ಅಂದಿರಿ. ಮತ್ತೆ ಯಾಕೆ ಕೂಗೋದು?"

ಅವರು ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿ, ಉಪ್ಪು ಹಾಕಿ, ಊದಿದರು. "ಕೂಗೋದು ನಮ್ ಕೆಲ್ಸ ಕಣಪ್ಪ. ತಿರುಗೋದು ಅವ್ನ ಕೆಲ್ಸ. ಅವ್ನ ಕೆಲ್ಸ ನಾನೆಂಗ್ ಮಾಡ್ಲಿ?" ಎಂದು ಬಟ್ಟಲು ತೆಗೆದುಕೊಂಡು ಎದ್ದರು.

ನನ್ನ ಪ್ರಶ್ನೆಗೆ ಇದು ಉತ್ತರವಲ್ಲ. ಹಾಗೆ ನೋಡಿದರೆ ಅವರ ಸಿದ್ಧಾಂತವೇ ಅಲ್ಲಿ ಬಿದ್ದುಹೋಯಿತು, ಅದನ್ನು ಬೀಳಿಸಿದವರೂ ಅವರೇ. ಆದರೆ ನಾವು ಯಾರೂ ಕೇಳದೆ, ನಮಗೆ ಯಾರಿಗೂ ಹೇಳದೆ, ಒಬ್ಬರು ಹಿನಕಲ್ಲಿನವರೆಗೆ ನಡೆದು, ತಮ್ಮದಲ್ಲದ ಗಂಟಲನ್ನು ನಮ್ಮಮ್ಮನಿಗಾಗಿ ಹರಿದುಕೊಂಡಿದ್ದರು. ಅದನ್ನು ನೆನೆದರೆ ಇವತ್ತಿಗೂ ನನ್ನ ಕಣ್ಣು ತುಂಬುತ್ತದೆ. ಆ ಸಂಜೆ ಸಂಧ್ಯಾವಂದನೆಗೆ ಕೂತೆ. ನಂಬಿಕೆ ಬಂದು ಕೂತೆ ಎಂದು ಹೇಳಲಾರೆ. ಸುಮ್ಮನಿರುವುದು ಸರಿಯಲ್ಲ ಎನ್ನಿಸಿ ಕೂತೆ. ಅಪ್ಪ ಪಂಚಪಾತ್ರೆಗೆ ನೀರು ತಂದು ಹಾಕಿದರು.

ಆ ದಸರೆಯಲ್ಲಿ ನಂಜಪ್ಪನವರ ತಮ್ಮನ ಮಗ ಪರಾಕು ಕೂಗಿದ. ನಂಜಪ್ಪನವರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದರಂತೆ. ಆಮೇಲೆ ಧ್ವನಿ ಅರ್ಧ ಬಂತು, ಪೂರ್ತಿ ಬರಲಿಲ್ಲ. ಅರ್ಧವೇ ಊರಿಗೆ ಸಾಕಾಗಿ, ಇನ್ನೂ ಕೆಲವು ವರ್ಷ ಚಾಕರಿ ನಡೆಯಿತು. ಪುಟ್ಟಮ್ಮನವರು ತೀರಿಕೊಂಡ ಮೇಲೆ ಅವರು ಒಂಟಿಕೊಪ್ಪಲಿನಲ್ಲಿದ್ದ ಮಗಳ ಮನೆಗೆ ಹೋದರು. ಇನ್ನಾಸಿ ಪಾದ್ರಿಯಾಗದೆ ರೈಲ್ವೆಗೆ ಸೇರಿದ. ನಾನು ಮೇಷ್ಟರಾದೆ.

ನಾನು ನಂಜಪ್ಪನವರನ್ನು ಕೊನೆಯ ಸಲ ನೋಡಿದ್ದು ಅಪ್ಪ ಹಾಸಿಗೆ ಹಿಡಿದಾಗ. ಅಪ್ಪನೇ ಒಂದು ಬೆಳಿಗ್ಗೆ ಕಣ್ಣು ಬಿಟ್ಟು, "ನಂಜಪ್ಪನಿಗೆ ಹೇಳಿಕಳಿಸು" ಎಂದರು. ನಾನು ಯಾಕೆಂದು ಕೇಳಲಿಲ್ಲ. ಜಟಕಾ ಕಳಿಸಿದೆ. ನಂಜಪ್ಪನವರು ಒಣಗಿಹೋಗಿದ್ದರು; ಮೊಮ್ಮಗನ ಹೆಗಲು ಹಿಡಿದು ಇಳಿದರು. ಒಳಗೆ ಬಂದು ಅಪ್ಪನ ಕಾಲ ಬಳಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಾವೇ ಅಂಗಳಕ್ಕೆ ಹೋಗಿ, ಕೊರಳ ವಸ್ತ್ರ ಬಿಚ್ಚಿ ಮೊಮ್ಮಗನ ಕೈಗೆ ಕೊಟ್ಟು, ತಲೆ ತಗ್ಗಿಸಿ ನಿಂತರು.

ಬಾಯಿ ತೆರೆಯಿತು. ಕೊರಳ ನರಗಳು ಉಬ್ಬಿದವು. ಎದೆ ಏರಿತು, ಇಳಿಯಿತು. ಧ್ವನಿ ಹೊರಡಲಿಲ್ಲ. ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಗುಬ್ಬಿ ಕೂಡ ಕತ್ತೆತ್ತಲಿಲ್ಲ. ಅವರು ಅದೇ ರೀತಿ ಮತ್ತೊಮ್ಮೆ ಮಾಡಿದರು, ಇನ್ನೊಮ್ಮೆ ಮಾಡಿದರು, ಬಿರುದು ಒಂದನ್ನೂ ಬಿಡದೆ.

ಒಳಗಿನಿಂದ ಅಪ್ಪ, "ಕೂಗಿದನೇ? ನನಗೆ ಕೇಳಿಸಲಿಲ್ಲ" ಎಂದರು.

"ಕೂಗಿದರು ಅಪ್ಪ. ನಿಮ್ಮ ಕಿವಿ ಮಂದವಾಗಿದೆ" ಎಂದೆ. ಅಪ್ಪ ಹೊದಿಕೆಯೊಳಗಿಂದ ಕೈ ತೆಗೆದು ಜೋಡಿಸಿದರು.

ಹೊರಗೆ ಬಂದೆ. ನಂಜಪ್ಪನವರು ಮುಖದ ಬೆವರು ಒರೆಸಿಕೊಳ್ಳುತ್ತಿದ್ದರು. "ಒಳೀಕ್ ಕೇಳಿಸ್ತಂತಾ?" ಎಂದು ತುಟಿಯಾಡಿಸಿದರು.

"ಕೇಳಿಸಿತಂತೆ" ಎಂದೆ.

ಅವರು ತಲೆಯಾಡಿಸಿದರು. ರುಮಾಲು ಸರಿಮಾಡಿಕೊಂಡು, ದರ್ಬಾರಿನಿಂದ ಹೊರಡುವವರ ಕ್ರಮದಂತೆ, ನಮ್ಮ ಬಾಗಿಲಿಗೆ ಮುಖವಿಟ್ಟು ಹಿಂದಕ್ಕೆ ಒಂದೊಂದೇ ಹೆಜ್ಜೆಯಿಡುತ್ತ ಅಂಗಳ ದಾಟಿದರು. ಎಡವದಂತೆ ಮೊಮ್ಮಗ ಸೊಂಟ ಹಿಡಿದಿದ್ದ. ಜಟಕಾವನ್ನೂ ಹಾಗೆಯೇ ಹಿಮ್ಮುಖವಾಗಿ ಹತ್ತಿದರು. ಅದು ಬೀದಿಯ ತಿರುವು ದಾಟುವವರೆಗೂ ನಾನು ನಿಂತು ನೋಡಿದೆ. ಅವರ ಮುಖ ನಮ್ಮ ಮನೆಯ ಕಡೆಗೇ ಇತ್ತು.